ಹುಣಸೆಹಣ್ಣಿನಲ್ಲಿ ತೊಳೆದ ತೋಟಾಗಳು

ಹೆಸರು ಪಂಕಜಾ, ತಂದೆ ದಿವಂಗತ ಸೋಮನಾಥ್, ವಯಸ್ಸು ೬೧, ನಿವೃತ್ತ ಬ್ಯಾಂಕ್ ಅಧಿಕಾರಿ, ವಾಸ ಜಯನಗರ ನಾಲ್ಕನೇ ಬ್ಲಾಕ್. ನಾನಾಗಿಯೇ ಠಾಣೆಗೆ ಬಂದು ತಿಳಿಯಪಡಿಸುವುದು ಹೀಗಿದೆ.

ಜೆ.ಪಿ. ನಗರದ ನಮ್ಮ ರೈಫಲ್ ಕ್ಲಬ್ಬಿನಲ್ಲಿ ನಾನು ತರಬೇತಿ ಕೊಡುತ್ತೇನೆ. ಕ್ಲಬ್ಬಿಗೆ ತೋಟಾ ಮರುಭರ್ತಿ ಮಾಡಲು ಪರವಾನಗಿ ಇದೆ. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟಾಗಳಲ್ಲಿ ಯಾವುದನ್ನು ಮತ್ತೆ ತುಂಬಬಹುದು, ಯಾವುದನ್ನು ಎಸೆಯಬೇಕು ಎಂದು ಆರಿಸುವುದು ನನ್ನ ಕೆಲಸ. ಬುಡದ ಹತ್ತಿರ ಕೂದಲೆಳೆಯಷ್ಟು ಹೊಳೆಯುವ ಉಂಗುರ ಕಂಡರೆ ಅಲ್ಲಿ ಹಿತ್ತಾಳೆ ತೆಳುವಾಗಿದೆ, ಇನ್ನೊಮ್ಮೆ ಹಾರಿಸಿದರೆ ಸೀಳುತ್ತದೆ. ಅಂಥವನ್ನು ಜಜ್ಜಿ ಹಾಳುಮಾಡಲು ಬೇರೆ ಡಬ್ಬಿಯಲ್ಲಿ ಇಡುತ್ತೇನೆ.

ವಸಿಷ್ಠ ಎಂಬುವರು ಈ ವರ್ಷ ಕಾರ್ಯದರ್ಶಿಯಾದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ಅದೇ ಕಥೆ. ತೋಟಾ, ಮದ್ದು ಇಡುವ ಬೀರುವಿನ ಕೀಲಿ ಅವರ ಬಳಿಯೇ ಇರುತ್ತದೆ. ಅವರು ಗುರಿಯಿಟ್ಟು ಗೋಡೆಗೂ ಹೊಡೆದಿದ್ದನ್ನು ನಾನು ಕಂಡಿಲ್ಲ.

ಆಯುಧಪೂಜೆಯ ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಹೋದಾಗ ರೈಫಲ್‌ಗಳ ಮುಂದೆ ಹರಿವಾಣದಲ್ಲಿ ತೋಟಾಗಳ ರಾಶಿ ಇತ್ತು, ಮೇಲೆ ಅರಿಶಿನ ಕುಂಕುಮ. ನಾನು ಆರಿಸಿದ್ದನ್ನೂ ಜಜ್ಜಲು ಇಟ್ಟಿದ್ದನ್ನೂ ವಸಿಷ್ಠ ಅವರು ಒಂದೇ ಬಕೆಟ್ಟಿಗೆ ಸುರಿದು, ಹುಣಸೆಹಣ್ಣು ಹಾಕಿ ದೀಪದ ಕಂಬ ಬೆಳಗುವ ಹಾಗೆ ಉಜ್ಜಿಸಿದ್ದರು. ಎಲ್ಲವೂ ಫಳಫಳ. ಇನ್ನು ಉಂಗುರವನ್ನು ಎಲ್ಲಿ ಹುಡುಕುವುದು? ತಲೇಲಿ ಏನ್ರೀ ತುಂಬಿದೆ ನಿಮಗೆ ಎಂದು ಕೇಳಿದೆ. ದೇವರ ಮುಂದೆ ಕೊಳೆ ಇಡಕ್ಕಾಗತ್ತಾ ಆಂಟಿ, ಈಗ ನೋಡಿ, ಸಖತ್ತಾಗಿದೆ ಎಂದರು. ಒಂದನ್ನೂ ಮುಟ್ಟಬೇಡಿ, ಸೋಮವಾರ ಒಂದೊಂದರ ಒಳಗೂ ತಂತಿ ಆಡಿಸಿ ಎಲ್ಲಿ ತೆಳುವಾಗಿದೆ ಅಂತ ನಾನೇ ನೋಡ್ತೀನಿ ಎಂದು ಎಲ್ಲರೆದುರು ಹೇಳಿದೆ. ಹ್ಞೂಂ ಹ್ಞೂಂ ಎಂದು ತಲೆಯಾಡಿಸಿ ಕೋಸಂಬರಿ ತಿನ್ನುತ್ತಾ ನಿಂತರು.

ಭಾನುವಾರವೇ ವಸಿಷ್ಠ ಆ ತೋಟಾಗಳಿಗೆ ತಾವೇ ಮದ್ದು ತುಂಬಿ ಸಮನ್ವಿತಾಳ ಕೈಗೆ ಕೊಟ್ಟರು. ಸಮನ್ವಿತಾ ನನ್ನ ಶಿಷ್ಯೆ, ವಯಸ್ಸು ೨೦, ತಿಲಕ್ ನಗರದವಳು, ಮುಂದಿನ ತಿಂಗಳು ರಾಜ್ಯ ತಂಡದ ಆಯ್ಕೆಗೆ ಹೋಗಬೇಕಿದ್ದವಳು. ಮೂರನೇ ಗುಂಡಿಗೆ ತೋಟಾ ಬುಡದಲ್ಲಿ ಸೀಳಿತು. ಹಿತ್ತಾಳೆಯ ಚೂರು ಕನ್ನಡಕದ ಸಂದಿಯಿಂದ ನುಗ್ಗಿ ಬಲಗಣ್ಣಿಗೆ ಹೊಡೆಯಿತು.

ಆಸ್ಪತ್ರೆಯಲ್ಲಿ ವಸಿಷ್ಠ, ಫಳಫಳ ಅನ್ನೋದನ್ನೇ ಆರಿಸಿ ಕೊಟ್ಟೆ ಆಂಟಿ, ಗ್ರಹಚಾರ ನೋಡಿ ಎಂದರು. ನಿಮ್ಮ ಗ್ರಹಚಾರಾನ ಅವಳ ಕಣ್ಣಿಗೆ ಯಾಕ್ರೀ ಕಟ್ಟಿದ್ರಿ ಎಂದೆ. ನಾಚಿಕೆ ಅಂಗಡಿಯಲ್ಲಿ ಸಿಗುವಂತಿದ್ದರೆ ಇವರಿಗೆ ಒಂದು ಕೇಜಿ ತಂದುಕೊಡುತ್ತಿದ್ದೆ; ಇದನ್ನೂ ಬರೆದುಕೊಳ್ಳಿ ಎಂದು ಬರೆದುಕೊಳ್ಳುತ್ತಿರುವ ಪೇದೆಗೆ ಹೇಳಿದ್ದೇನೆ.

ಬಲಗಣ್ಣಿಗೆ ಇನ್ನು ದೃಷ್ಟಿ ಬರುವುದಿಲ್ಲ ಎಂದು ನಿನ್ನೆ ಸಂಜೆ ವೈದ್ಯರು ಹೇಳಿದರು. ನಾನು ಹಾಸಿಗೆಯ ಪಕ್ಕ ಹೋಗಿ ಕೈ ಹಿಡಿದೆ. ಸಮನ್ವಿತಾ ಕೈ ಬಿಡಿಸಿಕೊಂಡಳು. ಪಂಕಜಾ ಮೇಡಂ ಒಂದೊಂದೂ ನೋಡಿ ಓಕೆ ಮಾಡಿದ್ದಾರೆ ಅಂತ ವಸಿಷ್ಠ ಸಾರ್ ಹೇಳಿದ್ರು, ಅದಕ್ಕೇ ಹೊಡೆದೆ, ನೀವು ಸರಿಯಾಗಿ ಯಾಕೆ ನೋಡ್ಲಿಲ್ಲ ಮೇಡಂ ಎಂದು ಕೇಳಿ ಗೋಡೆಯ ಕಡೆ ಮುಖ ತಿರುಗಿಸಿದಳು.

ನಾನು ಹೇಳಿದ್ದನ್ನು ಹೇಳಿದಂತೆಯೇ ಬರೆದು ಓದಿ ಹೇಳಿದ್ದಾರೆ, ಇದರಲ್ಲಿ ಸುಳ್ಳಿಲ್ಲ. ಇದರ ಒಂದು ಪ್ರತಿಯನ್ನು ಸಮನ್ವಿತಾಳಿಗೆ ಕೊಡಬೇಕೆಂದು ಕೋರುತ್ತೇನೆ.

ಸ್ಥಳ: ಜೆ.ಪಿ. ನಗರ
ದಿನಾಂಕ: ೦೯-೧೦-೨೦೨೫
(ಸಹಿ) ಪಂಕಜಾ