ಮೂರು ಫೀಸು, ಒಂದೇ ಸ್ಕೂಟರ್

ಹಲೋ... ಹಾಂ, ಯಾರು ಮಾತಾಡ್ತಿರೋದು?... ಹೌದು ಸಾರ್, ಸ್ಕೂಟರ್ ಕ್ಲಾಸಿನ ಕೋಕಿಲಾನೇ. ಅನ್ನಪೂರ್ಣೇಶ್ವರಿ ನಗರದ ಗ್ರೌಂಡಲ್ಲಿ ಲೇಡೀಸ್‌ಗೆ ಗಾಡಿ ಹೇಳ್ಕೊಡ್ತೀನಲ್ಲ, ಅದೇ. ಹೇಳಿ.

...

ದರ್ಶಿನಿ ಹೋಟೆಲ್ ಗೋಡೆ ಮೇಲೆ ಪೋಸ್ಟರ್ ನೋಡಿದ್ರಾ? ಹಾಂ, ನಾನೇ ಅಂಟಿಸಿದ್ದು... ಇಲ್ಲ ಸಾರ್, ಪ್ರಿಂಟಿಂಗ್ ಮಿಸ್ಟೇಕ್ ಅಲ್ಲ. ಮೂರೂ ನಿಜವಾದ ಫೀಸೇ. ಎರಡೂವರೆ ಸಾವಿರ, ನಾಲ್ಕು ಸಾವಿರ, ಆರು ಸಾವಿರ. ಯಾರ ಕೈಲಿ ಎಷ್ಟಾಗುತ್ತೋ ಅವರೇ ಆರಿಸ್ಕೊಂಡು ಕೊಡೋದು.

...

ವ್ಯತ್ಯಾಸಾನಾ? ಏನೂ ಇಲ್ಲ. ಅದೇ ಗಾಡಿ, ಅದೇ ಗ್ರೌಂಡು, ಅದೇ ನಾನು. ಆರು ಸಾವಿರ ಕೊಟ್ಟೋರು ಬಿದ್ರೂ ಮಂಡಿ ಅಷ್ಟೇ ತರಚುತ್ತೆ ಸಾರ್.

...

ಇನ್‌ಕಮ್ ಸರ್ಟಿಫಿಕೇಟಾ? ಬೇಡ. ರೇಷನ್ ಕಾರ್ಡೂ ಬೇಡ... ಸುಳ್ಳು ಹೇಳಿದ್ರೆ? ನಾನು ಏನಾದ್ರೂ ಕೇಳಿದ್ರೆ ತಾನೇ ಸಾರ್ ಅವರು ಸುಳ್ಳು ಹೇಳೋದು? ನಾನು ಕೇಳೋದೇ ಇಲ್ವಲ್ಲ.

...

ಅಯ್ಯೋ, ಎರಡೂವರೇಲೂ ಚೌಕಾಸಿನಾ!... ಹಾಂ, ಎರಡೂವರೆನೇ ಆಗ್ಲಿ. ಸಂತೋಷ. ಯಾರಿಗೆ ಸಾರ್, ಮಗಳಿಗಾ?... ಓ, ನಿಮ್ಮ ಮನೆಯವರಿಗಾ. ಒಳ್ಳೇದಾಯ್ತು.

...

ನಾನೇನೂ ಕೇಳ್ಲಿಲ್ವಲ್ಲ ಸಾರ್... ಹಾಂ, ಪೆನ್ಷನ್ ಅಷ್ಟಕ್ಕಷ್ಟೇ, ಸರಿ... ಮೇಲಿನ ಮನೆ ಬಾಡಿಗೆ ಲೇಟಾಗಿ ಬರುತ್ತಾ, ಸರಿ... ಹಿಂದುಗಡೆ ಇನ್ನೆರಡು ಪೋರ್ಷನ್ನೂ ಇದ್ಯಾ? ಸಾರ್, ನಾನು ನಿಜವಾಗ್ಲೂ ಏನೂ ಕೇಳ್ತಾ ಇಲ್ಲ. ನೀವಾಗ್ ನೀವೇ ಹೇಳ್ತಾ ಇದೀರ.

...

ನಾಲ್ಕಾ? ನೀವೇ ಏರಿಸಿಬಿಟ್ರಾ?... ಇಲ್ಲಪ್ಪ, ಯಾರು ನಕ್ಕಿದ್ದು? ಗ್ರೌಂಡಲ್ಲಿ ಧೂಳು ಸಾರ್, ಕೆಮ್ಮು ಬಂತು.

...

ನಷ್ಟಾನಾ? ಆಗಿದೆ, ಸುಳ್ಳು ಯಾಕೆ ಹೇಳ್ಲಿ. ದೊಡ್ಡ ಕಾರಲ್ಲಿ ಬಂದಿಳಿದೋರು ಎರಡೂವರೆ ಕೊಟ್ಟು ಹೋದಾಗ ಹೊಟ್ಟೆ ಉರೀತು ಸಾರ್. ಆವತ್ತು ಪೆಟ್ರೋಲ್‌ಗೆ ತಮ್ಮನ ಹತ್ರ ಇಸ್ಕೊಂಡಿದೀನಿ. ಸಾಕಪ್ಪ ಈ ಧರ್ಮ ಅನ್ನಿಸ್ತು... ಮತ್ತೆ ಯಾಕಾ? ಮೊದ್ಲು ಒಂದೇ ರೇಟಿತ್ತು ಸಾರ್. ಹೆಗ್ಗನಹಳ್ಳಿಯಿಂದ ಚಿಕ್ಕಗಂಗಮ್ಮ ಅಂತ, ಗಾರ್ಮೆಂಟ್ಸ್ ಕೆಲಸದೋರು, ಕಾಂಪೌಂಡ್ ಆಚೆ ನಿಂತು ನೋಡೋರು, ಹೋಗೋರು. ಮತ್ತೆ ಬರೋರು, ನೋಡೋರು, ಹೋಗೋರು. ಕಮ್ಮಿ ಮಾಡಿ ಅಂತ ಕೇಳೋಕೆ ನಾಚಿಕೆ ಅವರಿಗೆ. ಆಮೇಲೇ ಈ ಮೂರು ಫೀಸು ಮಾಡಿದ್ದು. ಈಗ ಅವರು ಗಾಡೀಲೇ ಮನೆಮನೆಗೆ ಇಡ್ಲಿ ಹಿಟ್ಟು ಹಾಕ್ತಾರೆ. ಅವರಿಗೆ ಕಮ್ಮಿ ಬಿದ್ದಿದ್ದನ್ನ ಆರು ಕೊಟ್ಟೋರು ಯಾರೋ ತುಂಬಿದ್ರು... ಯಾರು ಅಂತ ಹೇಳಲ್ಲ ಸಾರ್. ಯಾರು ಎಷ್ಟು ಕೊಟ್ರು ಅನ್ನೋದು ಈ ಬಾಯಿಂದ ಬರಲ್ಲ.

...

ಸರಿ, ಮನೆಯವರ ಹೆಸರು ಹೇಳಿ... ಅನಂತಲಕ್ಷ್ಮಿ... ಚಂದ್ರಾ ಲೇಔಟ್... ಅಯ್ಯೋ, ನೀವು ಸೇತುರಾಮ್ ಸಾರಾ?... ಹೇಗೆ ಗೊತ್ತಾಯ್ತಾ? ಅದು... ಫೋನಲ್ಲಿ ಹೆಸರು ಬಂತು ಸಾರ್. ಈಗ. ಸ್ವಲ್ಪ ಲೇಟಾಗಿ ಬರುತ್ತೆ ನನ್ನ ಫೋನಲ್ಲಿ.

...

ಈಗ ಎಲ್ಲಿದಾರೆ ಅವರು?... ಭಜನೆಗಾ? ದಿನಾ ಬೆಳಗ್ಗೆನಾ? ಓಹೋ. ಬಹಳ ಭಕ್ತಿ... ಏನಂದ್ರಿ? ಗಾಡಿ ಅಂದ್ರೆ ಸಾಕು, ನಡುಗಿ ಹೋಗ್ತಾರಾ? ಪಾಪ... ಒಂದ್ನಿಮಿಷ ಸಾರ್. ಆಂಟೀ! ಸ್ಪೀಡ್ ಕಮ್ಮಿ ಮಾಡಿ! ಆ ನಾಯಿ ಎದ್ದು ಹೋಗ್ಲಿ ತಡೀರಿ!... ನಿಮಗಲ್ಲ ಸಾರ್, ಇಲ್ಲೊಬ್ರು ಆಂಟಿ ಕಲೀತಾ ಇದಾರೆ... ಹೆಸರಾ? ಹೆಸರೂ ಹೇಳಲ್ಲ.

...

ಇಷ್ಟು ಅವಸರ ಯಾಕೆ ಸಾರ್? ಅವರನ್ನೊಂದು ಮಾತು ಕೇಳಿ, ಆಮೇಲೆ ದುಡ್ಡು... ಕಣ್ಣಾ? ಯಾರ ಕಣ್ಣು, ನಿಮ್ಮದಾ?... ಗಾಡಿ ಮುಟ್ಟಲೇಬೇಡಿ ಅಂದ್ರಾ ಡಾಕ್ಟ್ರು?... ಮನೇಲಿ ಇನ್ನೂ ಹೇಳಿಲ್ವಾ?

...

ಏನಂದ್ರಿ? ಇನ್ನೊಂದ್ಸಲ ಹೇಳಿ... ‘ಇಷ್ಟು ವರ್ಷ ಅವಳು ನನ್ನ ಹಿಂದೆ ಕೂತಳು, ಇನ್ಮೇಲೆ ನಾನು ಅವಳ ಹಿಂದೆ ಕೂತ್ಕೊಳ್ತೀನಿ’ ಅಂತಾನಾ?... ಇಲ್ಲ ಸಾರ್, ಲೈನಲ್ಲೇ ಇದೀನಿ. ಮತ್ತೆ ಧೂಳು.

...

ಬೇಡ ಸಾರ್, ಈಗ್ಲೇ ಕಳಿಸ್ಬೇಡಿ... ಅಯ್ಯೋ, ಬಂದೇಬಿಡ್ತು. ಸಾರ್, ನಾಲ್ಕಲ್ಲ, ಇದು ಆರಿದೆ!... ಕೈತಪ್ಪಿ ಒತ್ತಿದ್ದಲ್ವಾ? ಗೊತ್ತಿದ್ದೇ ಕಳಿಸಿದ್ರಾ?

...

ಇಲ್ಲ, ವಾಪಸ್ ಹಾಕ್ತೀನಿ... ಕೋಪ ಮಾಡ್ಕೋಬೇಡಿ... ಮೋಸ ಅಲ್ಲ ಸಾರ್, ಇಟ್ಕೊಂಡ್ರೇ ಮೋಸ! ಒಬ್ಬರಿಗೇ ಎರಡು ಸಲ ಫೀಸು ಹೇಗೆ ತಗೊಳ್ಲಿ?

...

ಎರಡು ಸಲ ಅಂದ್ನಾ?... ಅಂದೆ, ಅಲ್ವಾ.

...

ಸಾರ್? ಹಲೋ? ನಗ್ತಾ ಇದೀರಾ, ಬೈತಾ ಇದೀರಾ?... ಹೌದು ಸಾರ್, ಅವರೇ. ಭಜನೆ ಇಲ್ಲೇ ನಡೀತಾ ಇದೆ. ಹೆಲ್ಮೆಟ್ ಹಾಕ್ಕೊಂಡು.

...

ಅವರು ಎಷ್ಟು ಕೊಟ್ರು ಅಂತಾನಾ? ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಿ. ಗಂಡ ಆದ್ರೇನು ಸಾರ್, ರೂಲ್ಸು ರೂಲ್ಸೇ. ಧೈರ್ಯ ಇದ್ರೆ ಮನೇಲಿ ಅವರನ್ನೇ ಕೇಳಿ.

...

ಈ ಆರು ಸಾವಿರಾನಾ?... ಇರ್ಲಿ ಅಂತೀರಾ? ಮುಂದೆ ಬರೋರು ಯಾರಿಗಾದ್ರೂ ಆಗ್ಲಿ ಅಂತಾನಾ?... ಸಾರ್, ಎರಡೂವರೇಲಿ ಚೌಕಾಸಿ ಮಾಡಿದೋರು ನೀವೇ ಅಲ್ವಾ? ಆಯ್ತು, ಆಯ್ತು, ಅದನ್ನೂ ಯಾರಿಗೂ ಹೇಳಲ್ಲ.

...

ಹೇಗೆ ಓಡಿಸ್ತಾರಾ? ನೇರ ರಸ್ತೇಲಿ ಚಿನ್ನ. ತಿರುವಲ್ಲಿ ಮಾತ್ರ ತಪ್ಪು ತಮ್ಮದಾದ್ರೂ ಎದುರಿನೋರಿಗೆ ಬೈತಾರೆ... ಹಾಂ, ಮನೇಲೂ ಹಾಗೇನಾ?... ಕಣ್ಣಿನ ವಿಷಯ ನಾನು ಹೇಳಲ್ಲ ಸಾರ್. ಅದು ನೀವೇ ಹೇಳ್ಬೇಕು, ಇವತ್ತೇ ಹೇಳ್ಬೇಕು... ಕೊಡ್ತೀನಿ, ಇರಿ.

...

ಆಂಟೀ! ಫೋನು! ನಿಮ್ಮ ಯಜಮಾನ್ರು!... ಹೌದು, ಎಲ್ಲಾ ಗೊತ್ತಾಯ್ತು!... ಬರ್ತಾ ಇದಾರೆ ಸಾರ್. ಜೋರಾಗೇ ಬರ್ತಾ ಇದಾರೆ... ಆಂಟಿ, ನಿಧಾನ... ಮೊದ್ಲು ಗಾಡಿ ನಿಲ್ಸಿ... ಅಯ್ಯೋ, ಹ್ಯಾಂಡಲ್ ಬಿಡ್ಬೇಡಿ ಆಂಟಿ, ನಿಲ್ಸಿ, ಆಮೇಲೆ ತಗೊಳ್ಳಿ ಫೋ...