ಬಂದ ಗಾಡಿಯಲ್ಲೇ ತಿರುಗಿ ಹೋದೆ

ಮಾನ್ಯ ಅಧ್ಯಕ್ಷರೇ, ಇಳಕಲ್ಲಿನ ಹಿರಿಯರೇ, ತಾಯಂದಿರೇ, ಸಭಿಕರೇ,

ಹೆಣ್ಣುಮಕ್ಕಳ ಶಾಲೆಯ ಈ ವಾರ್ಷಿಕೋತ್ಸವದಲ್ಲಿ ನನ್ನನ್ನು ಸತ್ಕರಿಸಿದ್ದೀರಿ. ಊರಿನ ಮುಸಲ್ಮಾನರಲ್ಲಿ ಮೊದಲ ಮಾಸ್ತರಬಾಯಿ ಅಬೇದಾ ಎಂದು ಅಧ್ಯಕ್ಷರು ಹೊಗಳಿದರು. ಎರಡನೆಯವಳು ಇನ್ನೂ ಬಂದಿಲ್ಲ. ಆದ್ದರಿಂದ ನಾನು ಉತ್ತಮಳೋ ಅಲ್ಲವೋ ಹೋಲಿಸಿ ಹೇಳಲು ಬರುವುದಿಲ್ಲ.

ಇದು ಹೇಗೆ ಸಾಧ್ಯವಾಯಿತು ಎಂದು ಹಲವರು ಕೇಳುತ್ತೀರಿ. ಹೇಗಾಯಿತು?

ಪ್ಲೇಗಿನಲ್ಲಿ ತಂದೆ ತೀರಿಕೊಂಡರು. ತಾಯಿ ದಸ್ತಗೀರಬಿ ನನ್ನನ್ನು ಕರೆದುಕೊಂಡು ತನ್ನ ಅಣ್ಣ ಮುರ್ತುಜಸಾಬರ ಮನೆ ಸೇರಿದಳು. ಮಾವ ಕೆಟ್ಟವರಲ್ಲ. ಅವರ ಮಗ್ಗಗಳಿಗೆ ತಾಯಿ ರೇಷ್ಮೆ ನೂಲು ಸುತ್ತಿಕೊಡುತ್ತಿದ್ದಳು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದಾಗ, ಮಾಸ್ತರಕಿ ಕಲಿಯಲು ಧಾರವಾಡಕ್ಕೆ ಕಳಿಸಲೇಬೇಕೆಂದು ಹಟ ಹಿಡಿದಳು. ಮಾವ ಒಲ್ಲದ ಮನಸ್ಸಿನಿಂದ ಒಪ್ಪಿದರು.

ವರ್ಷದ ನಂತರ ರಜೆಗೆ ಬಂದೆ. ಬಾದಾಮಿಯಲ್ಲಿ ರೈಲಿಳಿದು, ಎತ್ತಿನ ಗಾಡಿಯಲ್ಲಿ ಮೈಯೆಲ್ಲ ನುಗ್ಗಾಗಿ ಮನೆ ಮುಟ್ಟಿದರೆ, ತಾಯಿ ಹೊಸ್ತಿಲಲ್ಲೇ ತಡೆದಳು.

“ಒಳಗ ಬರಬ್ಯಾಡ. ನಿಮ್ಮ ಮಾಮಾ ನಿನ್ನ ನಿಕಾ ಠರಾಯಿಸ್ಯಾನ. ಒಳಗ ಬಂದ್ರ ಮತ್ತ ಹೊರಗ ಬಿಡೂದಿಲ್ಲ.”

“ಅಮ್ಮಾ, ಒಂದ ದಿನಾ ಇರ್ತೇನಿ. ನಿನ್ನ ನೋಡಿ ವರ್ಷಾತು.”

“ನೋಡಿದ್ಯಲ್ಲ? ಇನ್ನ ಹೋಗು. ಗಾಡಿ ಇನ್ನೂ ನಿಂತೈತಿ.”

ಸೆರಗಿನಲ್ಲಿದ್ದ ರೊಟ್ಟಿಯ ಗಂಟನ್ನು ಕೈಗಿಟ್ಟು ಬಾಗಿಲು ಎಳೆದುಕೊಂಡಳು. ನಾನು ಹೋದೆ.

ಮುಂದೇನಾಯಿತು? ಮಾವ ಬೀಗರಿಗೆ ಕೊಟ್ಟ ಮಾತು ತಪ್ಪಿ ನಾಲ್ಕು ಜನರಲ್ಲಿ ತಲೆತಗ್ಗಿಸಬೇಕಾಯಿತು. ಬೇರೆ ದಾರಿ ನೋಡಿಕೋ ಎಂದು ತಾಯಿಯನ್ನು ಹೊರಗೆ ಹಾಕಿದರು. ಅವಳು ಬಣ್ಣಗಾರರ ಭಟ್ಟಿಯಲ್ಲಿ ಕುದಿಯುವ ನೂಲು ತಿರುವುವ ಕೆಲಸ ಹಿಡಿದಳು. ಆ ಹಬೆಯಲ್ಲಿ, ಆ ಹೊಗೆಯಲ್ಲಿ ಅವಳ ಕಣ್ಣು ಮಬ್ಬಾದವು. ಇದಾವುದೂ ನನಗೆ ತಿಳಿಯದಂತೆ ನೋಡಿಕೊಂಡಳು. ಓದು ಮುಗಿಸಿ, ಇದೇ ಶಾಲೆಗೆ ನೇಮಕವಾಗಿ ಬಂದು ಎದುರು ನಿಂತಾಗ, ಅವಳು ನನ್ನನ್ನು ಗುರುತಿಸಿದ್ದು ಧ್ವನಿಯಿಂದ. ಅಂದಿನಿಂದ ನನ್ನ ಜೊತೆಗಿದ್ದಾಳೆ.

ಇಂದು ಮುಂಜಾನೆ ಸಭೆಗೆ ಹೊರಡುವಾಗ ಕೇಳಿದೆ: “ಅವತ್ತ ಬಾಗಲಾ ಹಾಕ್ಕೊಂಡು ಏನ ಮಾಡಿದಿ?”

“ಬಾಗಲ ಸಂದ್ಯಾಗ ನೋಡ್ಕೋತ ನಿಂತಿದ್ದೆ. ನೀ ಒಮ್ಮಿ ತಿರುಗಿ ನೋಡಿದ್ರ ಓಡಿ ಬಂದು ಒಳಗ ಕರ್ಕೊಂಡಬಿಡ್ತಿದ್ದೆ. ನೀ ಭಾಳ ಶಾಣ್ಯಾಕಿ. ನೋಡ್ಲಿಲ್ಲ.”

ಮಹನೀಯರೇ, ನಾನು ತಿರುಗಿ ನೋಡದಿದ್ದದ್ದು ಶಾಣ್ಯಾತನದಿಂದಲ್ಲ, ಸಿಟ್ಟಿನಿಂದ. ಮುಂಜಾನೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಅವಳು ತಾಯಂದಿರ ಸಾಲಿನಲ್ಲಿ ಕುಳಿತಿದ್ದಾಳೆ, ಈಗ ಕೇಳಿಸಿಕೊಂಡಿರಬೇಕು.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೂ, ಈ ಶಾಲೆಗೆ ಮಗಳನ್ನು ಕಳಿಸಿದ ಪ್ರತಿ ಮನೆಗೂ ಕೃತಜ್ಞಳಾಗಿದ್ದೇನೆ. ನಮಸ್ಕಾರ.