ಮೆಟ್ರಿಯಲ್ಲಿ ಸೋಮವಾರ ಓಡಿದ ಪಂಪು

ನಾನು ಶ್ರೀಮತಿ ಶ್ರೀಪ್ರಿಯಾ, ಗಂಡ ಶ್ರೀಪತಿ, ವಯಸ್ಸು 46 ವರ್ಷ, ಉದ್ಯೋಗ ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದು, ವಾಸ ಬಾವಿ ಓಣಿ, ಚಿತ್ತವಾಡ್ಗಿ, ಹೊಸಪೇಟೆ. ಮೆಟ್ರಿ ಗ್ರಾಮದ ಹುಲುಗಪ್ಪ ಎಂಬುವರು ಏತ ನೀರಾವರಿ ಸಂಘದ ನೀರು ಕದ್ದಿದ್ದಾರೆಂದು ಅದೇ ಗ್ರಾಮದ ಉಚ್ಚೆಂಗಮ್ಮ ಎಂಬುವರು ಕೊಟ್ಟಿರುವ ದೂರಿನ ಬಗ್ಗೆ ವಿಚಾರಿಸಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ:

ಸದರಿ ಸಂಘವು ನದಿಯಿಂದ ನೀರೆತ್ತಿ ರೈತರ ಹೊಲಗಳಿಗೆ ವಾರದ ಪಾಳಿಯಂತೆ ಬಿಡುತ್ತದೆ. ಬುಧವಾರ ಉಚ್ಚೆಂಗಮ್ಮನವರ ಪಾಳಿ. ಸೋಮವಾರ ಯಾರ ಪಾಳಿಯೂ ಇಲ್ಲ. ಆ ದಿನ ಈ ಊರಲ್ಲಿ ಎತ್ತು ಹೂಡುವುದಿಲ್ಲ, ಹೊಲದ ಕಡೆ ಯಾರೂ ಹೋಗುವುದಿಲ್ಲ, ಆದ್ದರಿಂದ ಪಂಪಿಗೂ ಎತ್ತಿನ ಜೊತೆ ರಜೆ. ಯಾವ ದಿನ ಪಂಪು ಹಚ್ಚಬೇಕೆಂದು ಹೇಳುವ ಪ್ರೋಗ್ರಾಮನ್ನು 2010ರಲ್ಲಿ ವಿಬಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾನೇ ಬರೆದುಕೊಟ್ಟಿದ್ದೆನು. ಅದರ ಮೇಲೆ ಒಂದು ತಕರಾರೂ ಬಂದಿರಲಿಲ್ಲ.

ಈ ವರ್ಷ ಸಂಘಕ್ಕೆ ಹೊಸ ಕಂಪ್ಯೂಟರ್ ಬಂದಿದ್ದು, ಹಳೆಯ ಪ್ರೋಗ್ರಾಂ ಅದರ ಮೇಲೆ ಓಡಲಿಲ್ಲ. ಸಂಘದವರು ಒಂದು ಕಂಪನಿಯಿಂದ ಅದನ್ನು ಪೈಥಾನ್ ಭಾಷೆಗೆ ಇಳಿಸಿಕೊಂಡರು. ಪಂಪು ಹಚ್ಚುವ ಸ್ವಿಚ್ ಪೆಟ್ಟಿಗೆಯನ್ನು ಬೇರೊಂದು ಕಂಪನಿಯಿಂದ ತಂದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಇದರಿಂದ ನನಗೆ ಬೇಸರವಾಗಿತ್ತು. ಇದನ್ನು ಬರೆಯಬೇಡಿರೆಂದು ಈಗ ಹೇಳಿದ್ದಕ್ಕೆ, ಹೇಳಿದ್ದೆಲ್ಲ ಬರೆಯಲೇಬೇಕಾಗುತ್ತದೆ ಎಂದು ಈ ಹೇಳಿಕೆ ಬರೆದುಕೊಳ್ಳುತ್ತಿರುವ ಪೊಲೀಸ್ ಸಾಹೇಬರು ತಿಳಿಸಿದರು.

ದಿನಾಂಕ 12-07-2024ರ ಶುಕ್ರವಾರ ಬೆಳಿಗ್ಗೆ ಸಂಘದ ಅಧ್ಯಕ್ಷೆ ಪಂಪಾವತಿಯವರು ಫೋನ್ ಮಾಡಿ, “ಮೇಡಂ, ಸಿಟ್ಟು ಆಮೇಲೆ ಮಾಡೀರಂತೆ, ಈಗ ಜಲ್ದಿ ಬರ್ರಿ” ಎಂದರು. ಎರಡು ಬುಧವಾರ ಪಂಪು ಹತ್ತಿಲ್ಲ, ಉಚ್ಚೆಂಗಮ್ಮನ ಭತ್ತದ ಸಸಿ ಒಣಗುತ್ತಿವೆ, ಹುಲುಗಪ್ಪನ ಹೊಲ ಮಾತ್ರ ಎರಡು ಮಂಗಳವಾರವೂ ಬೆಳಿಗ್ಗೆ ಕೆಸರಾಗಿತ್ತು, ಸೋಮವಾರ ಯಾರೂ ಇಲ್ಲದ್ದು ನೋಡಿ ಆತನೇ ಪಂಪು ಹಚ್ಚಿಕೊಂಡಿದ್ದಾನೆಂದು ಊರೆಲ್ಲ ಅನ್ನುತ್ತಿದೆ ಎಂದು ತಿಳಿಸಿದರು. ಬೇಸರವನ್ನು ಮನೆಯಲ್ಲೇ ಬಿಟ್ಟು, ಕಂಪ್ಲಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಮೆಟ್ರಿಗೆ ಬಂದೆನು.

ಸಂಘದ ಆಫೀಸಿನಲ್ಲಿ ಎರಡೂ ಕಂಪನಿಯವರು ಜಗಳಕ್ಕೆ ಕುಳಿತಿದ್ದರು. ಪೆಟ್ಟಿಗೆ ಕಂಪನಿಯ ಅಭಯ ಎಂಬುವರು, “ಪೆಟ್ಟಿಗಿ ಹೇಳಿದ್ದು ಮಾಡ್ತೈತ್ರಿ, ಹೇಳದ್ದು ಮಾಡಂಗಿಲ್ಲ” ಎಂದರು. ಪ್ರೋಗ್ರಾಂ ಕಂಪನಿಯ ಗಿರೀಶ್ ಎಂಬುವರು, “ಹಳೇದು ಹೆಂಗಿತ್ತೋ ಹಂಗ ಇಳಿಸೀನ್ರಿ, ಒಂದು ಅಂಕಿ ಬದ್ಲು ಮಾಡಿಲ್ಲ” ಎಂದರು. ಇಬ್ಬರೂ ತಮ್ಮ ತಪ್ಪಿಲ್ಲವೆಂದು ಒಪ್ಪಿದ ಮೇಲೆ ಉಳಿದವನು ಹುಲುಗಪ್ಪ ಒಬ್ಬನೇ. ಆತನು ಬಾಗಿಲ ಹೊರಗೆ ನಿಂತಿದ್ದನು. ಒಳಗೆ ಬಂದು ಕೂಡಲು ನಾನು ಹೇಳಿದ್ದಕ್ಕೆ, “ಬ್ಯಾಡ್ರಿ, ನಾ ಕುಂತ್ರ ಅವ್ರು ಎದ್ದು ಹೋಗ್ತಾರ” ಎಂದನು. ನನಗೆ ಭಾರೀ ಸಂಕಟವಾಯಿತು.

ನಾನು ಗಿರೀಶ್ ಅವರ ಪಕ್ಕದಲ್ಲಿ ಕುಳಿತು ಪ್ರೋಗ್ರಾಂ ಓದಿದೆನು. ಅವರು ಸುಳ್ಳು ಹೇಳಿರಲಿಲ್ಲ. ಎರಡನೇ ನಂಬರಿನ ದಿನ ಪಂಪು ನಿಲ್ಲಿಸು ಎಂಬ ನನ್ನ ಸಾಲನ್ನು ಇದ್ದಂತೆಯೇ ಇಳಿಸಿದ್ದರು. ಆದರೆ ನಾನು ಬರೆದ ಭಾಷೆ ವಾರವನ್ನು ಭಾನುವಾರ ಒಂದು ಎಂದು ಎಣಿಸುತ್ತದೆ, ಎರಡು ಎಂದರೆ ಸೋಮವಾರ. ಅವರು ಬಳಸಿದ ಪೈಥಾನ್ ಎಣಿಕೆಯಲ್ಲಿ ಸೋಮವಾರ ಸೊನ್ನೆ, ಎರಡು ಎಂದರೆ ಬುಧವಾರ. ಹೀಗೆ ಪಂಪು ಬುಧವಾರ ಮಲಗಿತು, ಸೋಮವಾರ ಎದ್ದಿತು. ಪಾಳಿ ಇಲ್ಲದ ದಿನ ಪಂಪು ಓಡಿದರೆ ನೀರು ಮೊದಲ ತೂಬಿಗೆ ಹೋಗುತ್ತದೆ. ಅದು ಹುಲುಗಪ್ಪನ ಹೊಲದ್ದು.

ಆ ಎರಡು ಏನೆಂದು ಒಂದು ಟಿಪ್ಪಣಿ ಹಾಕಬಾರದಿತ್ತೇ ಎಂದು ಗಿರೀಶ್ ಕೇಳಿದರು. ಮೆಟ್ರಿಯಲ್ಲಿ ಸೋಮವಾರ ಹೊಲಕ್ಕೆ ಹೋಗುವುದಿಲ್ಲವೆಂದು ಯಾರಾದರೂ ಬರೆದಿಡುತ್ತಾರೆಯೇ ಎಂದು ನಾನು ಕೇಳಿದೆನು. ಇಬ್ಬರಿಗೂ ನಗು ಬಂತು. ಹಳೆಯ ಭಾಷೆಗೇ ಹೋಗೋಣವೇ ಎಂದು ಪಂಪಾವತಿಯವರು ಕೇಳಿದ್ದಕ್ಕೆ, ಕೈಯಾರೆ ಬರೆದದ್ದೆಂಬ ಅಭಿಮಾನವಿದ್ದರೂ ಬೇಡವೆಂದೆನು. ಹೊಸ ಯಂತ್ರಕ್ಕೆ ಹೊಸದೇ ಇರಲಿ, ಅಂಕಿಯ ಬದಲು ಸೋಮವಾರ ಎಂದು ಹೆಸರಿಟ್ಟೇ ಬರೆಯಿರಿ ಎಂದೆನು. ಗಿರೀಶ್ ಹಾಗೆಯೇ ಬರೆದರು.

ದಿನಾಂಕ 15-07-2024ರ ಸೋಮವಾರ ಬೆಳಿಗ್ಗೆ ಆರು ಗಂಟೆಗೆ ನಾವೆಲ್ಲ ಪಂಪ್‌ಹೌಸ್ ಮುಂದೆ ನಿಂತಿದ್ದೆವು. ಪಂಪು ಹತ್ತಲಿಲ್ಲ. ಪಂಪು ಹತ್ತದ್ದಕ್ಕೆ ಚಹಾ ಹಂಚಿದ್ದನ್ನು ನಾನು ಅಲ್ಲೇ ಮೊದಲು ನೋಡಿದ್ದು. ಅಭಯ ಹಾಗೂ ಗಿರೀಶ್ ಒಂದೇ ಬೈಕಿನಲ್ಲಿ ತಿರುಗಿ ಹೋದರು.

ಈ ದಿನ ಬುಧವಾರ ಪಂಪು ತಾನಾಗಿಯೇ ಹತ್ತಿ ಉಚ್ಚೆಂಗಮ್ಮನವರ ಸಸಿ ಮಡಿಗೆ ನೀರು ಬಂದಿದೆ. ಇಷ್ಟು ದಿನ ಕೊಡದಲ್ಲಿ ನೀರು ಹೊತ್ತು ಆಕೆ ಅರ್ಧ ಸಸಿ ಉಳಿಸಿಕೊಂಡಿದ್ದಾರೆ, ಉಳಿದರ್ಧಕ್ಕೆ ತನ್ನ ಮಡಿಯ ಸಸಿ ಕಿತ್ತುಕೊಳ್ಳಲು ಹುಲುಗಪ್ಪ ಹೇಳಿದ್ದಾನೆ. ದೂರು ವಾಪಸು ಪಡೆದರೆ ಸಾಕೆಂದು ಸಾಹೇಬರು ಹೇಳಿದ್ದಕ್ಕೆ ಆಕೆ ಒಪ್ಪದೆ, “ಕಳ್ಳ ಅಂತ ನಾ ಕೂಗಿದ್ದು ಈ ಕಟ್ಟಿ ಮ್ಯಾಲ. ಅಲ್ಲ ಅನ್ನೂದೂ ಇಲ್ಲೇ ಆಗ್ಲಿ, ಎಲ್ರೂ ಕೇಳ್ಲಿ” ಎಂದರು. ಆದಕಾರಣ ಠಾಣೆಗೆ ಹೋಗದೆ ಕಟ್ಟೆಯ ಮೇಲೆ ಕುಳಿತು ಈ ಹೇಳಿಕೆ ಕೊಟ್ಟಿದ್ದೇನೆ. ಹುಲುಗಪ್ಪ ನೀರು ಕದ್ದಿಲ್ಲ.

ಮೇಲಿನದು ನಾನು ಹೇಳಿದಂತೆಯೇ ಇದೆ, ನಿಜವಿದೆ. ಕೂಡಿದ ಜನರಿಗೆ ಕೇಳುವಂತೆ ಗಟ್ಟಿಯಾಗಿ ಓದಿಸಿ ಸಹಿ ಮಾಡಿದ್ದೇನೆ.

ಸ್ಥಳ: ಸಂಘದ ಕಟ್ಟೆ, ಮೆಟ್ರಿ
ದಿನಾಂಕ: 17-07-2024
ಸಹಿ/- ಶ್ರೀಪ್ರಿಯಾ

ಬರೆದುಕೊಂಡವರ ಷರಾ: ಓದಿ ಮುಗಿಸಿದ ನಂತರ ಹುಲುಗಪ್ಪ ಎಂಬುವರು ತನ್ನ ಹೆಸರಿರುವ ಕೊನೆಯ ಸಾಲನ್ನು ಇನ್ನೊಮ್ಮೆ ಓದಲು ಕೇಳಿಕೊಂಡರು. ಉಚ್ಚೆಂಗಮ್ಮನವರು ಸರಿದು ತಮ್ಮ ಪಕ್ಕದಲ್ಲಿ ಜಾಗ ಮಾಡಿದರು. ಆತನು ಕುಳಿತ ಮೇಲೆ ಓದಲಾಯಿತು.